1940ರಲ್ಲಿ ಅಗಲಿದ ಗಣ್ಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಸರಿನ ಮುಂದೆ "ನಿಧನ: 1940" ಅಂತ ಕಂಡ ಕೂಡಲೇ ಗುಂಡೋ ಬಾಂಬೋ ಕೊಂದಿರಬೇಕು ಅಂದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಪಟ್ಟಿ ಹಿಡಿದು ಕೂತರೆ ಬೇರೆಯೇ ಚಿತ್ರ ಕಾಣುತ್ತದೆ. ಆ ವರ್ಷ ಹೋದ ಹೆಸರಾಂತರಲ್ಲಿ ಬಹುಪಾಲು ಜನರನ್ನು ಒಯ್ದದ್ದು ಕಾಯಿಲೆ, ಮುಪ್ಪು, ಇಲ್ಲವೇ ಯಾವುದೋ ಕಚೇರಿಯಲ್ಲಿ ಬಿದ್ದ ಒಂದು ಸಹಿ. ಯುದ್ಧ ಕೈಯಾಡಿಸಿದ್ದು ಸಾವಿನ ಸುತ್ತಮುತ್ತ. ಸುದ್ದಿ ತಡವಾಯಿತು, ತೇದಿ ತಿರುಚಿತು, ಗೋರಿ ಕಳೆದುಹೋಯಿತು, ಅಂತ್ಯಕ್ರಿಯೆ ಗುಟ್ಟಾಯಿತು. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದಲೇ.

ಯುದ್ಧದ ವರ್ಷಗಳು ಇಷ್ಟೊಂದು ಇರುವಾಗ 1940 ಏಕೆ?

ಎರಡು ಕಾಲಗಳು ಒಂದೇ ವರ್ಷದಲ್ಲಿ ಡಿಕ್ಕಿ ಹೊಡೆದದ್ದು ಅದರಲ್ಲಿ ಎದ್ದು ಕಾಣುತ್ತದೆ. 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿಯಾಯಿತಾದರೂ ಪಶ್ಚಿಮ ಯುರೋಪ್ 1940ರ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಉಸಿರು ಬಿಗಿಹಿಡಿದು ಕೂತಿತ್ತು. ಆಮೇಲೆ ಎಲ್ಲವೂ ಒಮ್ಮೆಲೇ ಕುಸಿಯಿತು. ಡೆನ್ಮಾರ್ಕ್, ನಾರ್ವೆ, ಹಾಲೆಂಡ್, ಬೆಲ್ಜಿಯಂ, ಕೊನೆಗೆ ಫ್ರಾನ್ಸ್. ಜೂನ್ 14ಕ್ಕೆ ಪ್ಯಾರಿಸ್ ಹೋಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿ ಬೆಳೆದ ದೊಡ್ಡವರು ತಮ್ಮ ಹಾಸಿಗೆಯ ಮೇಲೆ ಕಣ್ಣು ಮುಚ್ಚುತ್ತಿದ್ದ ವರ್ಷದಲ್ಲೇ ಅವರ ಮಕ್ಕಳ ವಯಸ್ಸಿನವರು ಗಡಿಗಳಲ್ಲಿ, ಜೈಲುಗಳಲ್ಲಿ, ಕಾಡುಗಳಲ್ಲಿ ಸಾಯುತ್ತಿದ್ದರು.

ನಮ್ಮ ಕಡೆಯಿಂದ ನೋಡಿದರೂ ಅದು ವಿಚಿತ್ರ ವರ್ಷ. ವೈಸ್‌ರಾಯ್ ಲಿನ್‌ಲಿತ್‌ಗೋ 1939ರ ಸೆಪ್ಟೆಂಬರ್ 3ರಂದು ಇಲ್ಲಿನ ಯಾರೊಬ್ಬರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿಬಿಟ್ಟಿದ್ದರು. ಯುದ್ಧ ನಮ್ಮದೂ ಹೌದು, ನಮ್ಮದಲ್ಲವೂ ಹೌದು ಎಂಬಂಥ ಸ್ಥಿತಿ.

ಈ ಪಟ್ಟಿಯವರೆಲ್ಲ ಯುದ್ಧದಿಂದಲೇ ಸತ್ತವರೇ?

ಅಲ್ಲ. ಇಲ್ಲಿ ಹೆಸರಿಸಿದವರಲ್ಲಿ ರಣರಂಗದಲ್ಲಿ ಸತ್ತವರು ಬೆರಳೆಣಿಕೆಯವರು. ಅವರಲ್ಲೂ ಒಬ್ಬರನ್ನು ಹೊಡೆದುರುಳಿಸಿದ್ದು ಅವರದೇ ದೇಶದ ಫಿರಂಗಿ. ಆ ಕತೆ ಮುಂದೆ ಬರುತ್ತದೆ.

ಮೈಸೂರಿನ ಮಹಾರಾಜರೂ ಯುವರಾಜರೂ ಒಂದೇ ವರ್ಷ ತೀರಿಕೊಂಡದ್ದು ನಿಜವೇ?

ನಿಜ. ಐದು ತಿಂಗಳೊಳಗೆ ಇಬ್ಬರೂ ಹೋದರು. ಮೊದಲು ಹೋದದ್ದು ತಮ್ಮ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ 1940ರ ಮಾರ್ಚ್ 11ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 51 ವರ್ಷ. ಅಣ್ಣ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ 56.

ಇಲ್ಲಿ ಅನೇಕರು ಎಡವುವ ಸಂಗತಿಯೊಂದಿದೆ. ಜಯಚಾಮರಾಜ ಒಡೆಯರ್ ನಾಲ್ವಡಿಯವರ ಮಗ ಅಂತ ಬಹಳ ಜನ ತಿಳಿದಿದ್ದಾರೆ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಪಟ್ಟ ತಮ್ಮನಿಗೆ ಹೋಗಬೇಕಿತ್ತು, ತಮ್ಮನೇ ಮೊದಲು ಹೋದರು. ಹಾಗಾಗಿ ತಂದೆಯನ್ನೂ ದೊಡ್ಡಪ್ಪನನ್ನೂ ಒಂದೇ ವರ್ಷ ಕಳೆದುಕೊಂಡ 21ರ ಹುಡುಗ ಸೆಪ್ಟೆಂಬರ್ 8ರಂದು ಸಿಂಹಾಸನ ಏರಿದರು. ಮೈಸೂರನ್ನು ಆಳಿದ ಕೊನೆಯ ಅರಸರೂ ಅವರೇ ಆದರು.

ನಾಲ್ವಡಿಯವರ ಕಾಲದ ಕೆಲಸಗಳ ಪಟ್ಟಿ ಕನ್ನಡಿಗರಿಗೆ ಬಾಯಿಪಾಠ. 1916ರ ವಿಶ್ವವಿದ್ಯಾಲಯ, ಕನ್ನಂಬಾಡಿ ಕಟ್ಟೆ, ಗಾಂಧೀಜಿ ಕರೆದ "ರಾಜರ್ಷಿ" ಎಂಬ ಹೆಸರು. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಯುದ್ಧದ ಲೆಕ್ಕದಲ್ಲಿ ಗಮನಿಸಬೇಕಾದದ್ದು ಇಷ್ಟು: ಅವರು ಹೋದ ವರ್ಷದ ಡಿಸೆಂಬರ್‌ನಲ್ಲಿ, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಇಂದಿನ ಎಚ್‌ಎಎಲ್ ಅದೇ. ಯುದ್ಧವಿಮಾನಗಳ ಅಗತ್ಯವೇ ಅದನ್ನು ಹುಟ್ಟಿಸಿದ್ದು. ಅರಸರು ಕಂಡದ್ದು ವಿದ್ಯುತ್ ದೀಪದ ಬೆಂಗಳೂರು, ವಿಮಾನ ಕಟ್ಟುವ ಬೆಂಗಳೂರನ್ನು ಅವರು ನೋಡಲಿಲ್ಲ.

ಉಧಮ್ ಸಿಂಗ್ ಕೊಂದದ್ದು ಜನರಲ್ ಡಯರ್‌ನನ್ನು ಅಲ್ಲವೇ?

ಇದು ಪಟ್ಟಿಯಲ್ಲೇ ಅತಿ ಹೆಚ್ಚು ಸಲ ಬರುವ ತಪ್ಪು. ಹೆಸರುಗಳು ಒಂದರ ಹಾಗೆ ಒಂದು ಕೇಳಿಸುವುದರಿಂದ ಶಾಲೆಯ ಉತ್ತರಪತ್ರಿಕೆಯಿಂದ ಹಿಡಿದು ವೇದಿಕೆಯ ಭಾಷಣದವರೆಗೂ ಇದು ಉಳಿದುಕೊಂಡಿದೆ.

ರೆಜಿನಾಲ್ಡ್ ಡಯರ್ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಸೇನಾಧಿಕಾರಿ. ಅವನು 1927ರಲ್ಲೇ ಇಂಗ್ಲೆಂಡಿನಲ್ಲಿ ಕಾಯಿಲೆಯಿಂದ ಸತ್ತ. ಉಧಮ್ ಸಿಂಗ್ ಗುಂಡಿಗೆ ಬಲಿಯಾದವನು ಸರ್ ಮೈಕೆಲ್ ಓಡ್ವಾಯರ್, ಹತ್ಯಾಕಾಂಡದ ಹೊತ್ತಿಗೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್. ಡಯರ್ ಮಾಡಿದ್ದು ಸರಿ ಎಂದು ಬೆನ್ನಿಗೆ ನಿಂತವನು.

1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಸಭೆ ಮುಗಿದು ಜನ ಏಳುತ್ತಿದ್ದಾಗ ಉಧಮ್ ಸಿಂಗ್ ಪಿಸ್ತೂಲು ತೆಗೆದರು. ಓಡ್ವಾಯರ್ ಸ್ಥಳದಲ್ಲೇ ಸತ್ತ. ಬ್ರಿಟಿಷ್ ಸಂಪುಟದ ಭಾರತ ಮಂತ್ರಿ ಲಾರ್ಡ್ ಜೆಟ್‌ಲೆಂಡ್ ಸೇರಿ ಮೂವರಿಗೆ ಗಾಯವಾಯಿತು. ಉಧಮ್ ಸಿಂಗ್ ಓಡಲು ಹೋಗಲಿಲ್ಲ. ಪೊಲೀಸರಿಗೆ ಕೊಟ್ಟ ಹೆಸರಿನಲ್ಲಿ ಮೂರು ಧರ್ಮಗಳೂ ಇದ್ದವು: ರಾಮ್ ಮೊಹಮ್ಮದ್ ಸಿಂಗ್ ಆಜಾದ್. ಜುಲೈ 31ರಂದು ಪೆಂಟನ್‌ವಿಲ್ ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಿ, ಜೈಲಿನ ಆವರಣದಲ್ಲೇ ಹೂತರು. ಅಸ್ಥಿ ಭಾರತಕ್ಕೆ ಬಂದದ್ದು 1974ರಲ್ಲಿ.

ಹೀಗೆ ಕೊಂದವನೂ ಸತ್ತವನೂ ಒಂದೇ ವರ್ಷದ ಪಟ್ಟಿಯಲ್ಲಿದ್ದಾರೆ, ನಾಲ್ಕೂವರೆ ತಿಂಗಳ ಅಂತರದಲ್ಲಿ. ಆ ಹೊತ್ತಿಗೆ ಗಾಂಧೀಜಿ ಈ ಕೊಲೆಯನ್ನು ಖಂಡಿಸಿದ್ದರು ಎಂಬುದನ್ನು ಈಗ ನೆನಪಿಸಿದರೆ ಕೆಲವರಿಗೆ ಕೋಪ ಬರುತ್ತದೆ. ಆದರೆ ನಡೆದದ್ದು ಹಾಗೆಯೇ.

ಭಾರತದ ನಂಟಿನವರು ಇನ್ನು ಯಾರು?

"ದೀನಬಂಧು" ಸಿ.ಎಫ್. ಆಂಡ್ರೂಸ್ ಏಪ್ರಿಲ್ 5ರಂದು ಕಲ್ಕತ್ತದಲ್ಲಿ ತೀರಿಕೊಂಡರು. ಇಂಗ್ಲೆಂಡಿನಲ್ಲಿ ಹುಟ್ಟಿದ ಪಾದ್ರಿ, 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಮೇಷ್ಟರಾಗಿ ಬಂದವರು. 1914ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯನ್ನು ಮೊದಲ ಸಲ ಕಂಡಾಗ ಬಗ್ಗಿ ಕಾಲು ಮುಟ್ಟಿ, ಅಲ್ಲಿದ್ದ ಬಿಳಿಯರ ಹುಬ್ಬೇರಿಸಿದವರು. ಗಾಂಧೀಜಿಗೂ ರವೀಂದ್ರನಾಥ ಟ್ಯಾಗೋರರಿಗೂ ಒಂದೇ ಸಮನಾಗಿ ಆಪ್ತರಾಗಿದ್ದವರು ಕಡಿಮೆ, ಆಂಡ್ರೂಸ್ ಅಂಥವರಲ್ಲೊಬ್ಬರು. ಬ್ರಿಟನ್ ಮೇಲೆ ಭಾರತದ ಕೋಪ ಏರುತ್ತಿದ್ದ ಹೊತ್ತಿನಲ್ಲಿ ಒಬ್ಬ ಆಂಗ್ಲರಿಗಾಗಿ ಇಲ್ಲಿ ಕಣ್ಣೀರು ಹರಿಯಿತು. ಅವರ ಗೋರಿ ಕಲ್ಕತ್ತದಲ್ಲೇ ಇದೆ.

ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು 1925ರಲ್ಲಿ ಕಟ್ಟಿದ ಡಾ. ಕೇಶವ ಬಲಿರಾಮ ಹೆಡಗೇವಾರ್ ಜೂನ್ 21ರಂದು ನಾಗಪುರದಲ್ಲಿ ನಿಧನರಾದರು. ಅವರ ನಂತರ ಎಂ.ಎಸ್. ಗೋಳ್ವಲ್ಕರ್ ಮುಖ್ಯಸ್ಥರಾದರು.

ಜೂನ್ 21 ಎಂಬ ತೇದಿ ಮತ್ತೆ ಮತ್ತೆ ಏಕೆ ಬರುತ್ತದೆ?

ಕಾಕತಾಳೀಯ. ಆದರೂ ನಿಂತು ನೋಡುವಂಥದ್ದು. ಅಂದು ನಾಗಪುರದಲ್ಲಿ ಹೆಡಗೇವಾರ್. ಫ್ರಾನ್ಸಿನ ಲಾ ಬೋಲ್ ಎಂಬ ಕಡಲೂರಿನಲ್ಲಿ, ಪ್ಯಾರಿಸ್ ಬಿಟ್ಟು ಬಂದಿದ್ದ ಮುದಿ ಚಿತ್ರಕಾರ ಎದುವಾರ್ ವುಯಾರ್. ಪೋಲೆಂಡಿನ ವಾರ್ಸಾ ಹೊರವಲಯದ ಪಾಲ್ಮಿರಿ ಕಾಡಿನಲ್ಲಿ, ನಾಜಿಗಳು ಎರಡು ದಿನ ನಡೆಸಿದ ಸಾಮೂಹಿಕ ಹತ್ಯೆಯಲ್ಲಿ ಯಾನುಷ್ ಕುಸೋಚಿನ್‌ಸ್ಕಿ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಟದ ಚಿನ್ನ ಗೆದ್ದ ಓಟಗಾರ ಅವನು. ಮತ್ತೆ ಫ್ರಾನ್ಸಿನ ಪೂರ್ವದ ಬೆಟ್ಟಗಳ ಒಂದು ಹಳ್ಳಿಯಲ್ಲಿ ಇಪ್ಪತ್ತೈದರ ಒಬ್ಬ ಸಿಪಾಯಿ. ಮರುದಿನ, ಜೂನ್ 22ಕ್ಕೆ, ಫ್ರಾನ್ಸ್ ಕದನವಿರಾಮಕ್ಕೆ ಸಹಿ ಹಾಕಿತು.

ಆ ಸಿಪಾಯಿ ಯಾರು?

ನನ್ನನ್ನು ಕೇಳಿದರೆ ಈ ವರ್ಷದ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಹೆಸರು ಇದೇ. 1940ರಲ್ಲಿ ಅವನನ್ನು "ಗಣ್ಯ" ಅಂತ ಯಾರೂ ಕರೆಯುತ್ತಿರಲಿಲ್ಲ ನಿಜ.

ವೋಲ್ಫ್‌ಗ್ಯಾಂಗ್ ಡೋಬ್ಲಿನ್ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ಹುಡುಗ. ಜರ್ಮನಿಯ ಹೆಸರಾಂತ ಕಾದಂಬರಿಕಾರ ಆಲ್ಫ್ರೆಡ್ ಡೋಬ್ಲಿನ್ ಅವನ ತಂದೆ. ಹಿಟ್ಲರ್ ಬಂದ ಮೇಲೆ ಕುಟುಂಬ ಪ್ಯಾರಿಸ್‌ಗೆ ಓಡಿತು. ಹುಡುಗ ಅಲ್ಲಿ ಗಣಿತ ಓದಿ 1938ರಲ್ಲಿ ಸಂಭಾವ್ಯತೆಯ ಸಿದ್ಧಾಂತದಲ್ಲಿ ಡಾಕ್ಟರೇಟ್ ಪಡೆದ, ಫ್ರೆಂಚ್ ಪ್ರಜೆಯಾದ, ಸೈನ್ಯಕ್ಕೆ ಸೇರಬೇಕಾಗಿ ಬಂದಾಗ ವಿನ್ಸೆಂಟ್ ಡೋಬ್ಲಿನ್ ಎಂಬ ಹೆಸರಿನಲ್ಲಿ ಸಾದಾ ಸಿಪಾಯಿಯಾದ. ಚಳಿಗಾಲವಿಡೀ ಗಡಿಯಲ್ಲಿ ಕಾವಲು. ರಾತ್ರಿ ಪಾಳಿಯ ಬಿಡುವಿನಲ್ಲಿ ಶಾಲೆಯ ಮಕ್ಕಳ ನೋಟುಪುಸ್ತಕದಲ್ಲಿ ಲೆಕ್ಕ. ಯದ್ವಾತದ್ವಾ ಚಲಿಸುವ ಕಣದ ದಾರಿಯನ್ನು ಗಣಿತದಲ್ಲಿ ಹಿಡಿಯುವುದು ಹೇಗೆ ಎಂಬುದು ಅವನ ಪ್ರಶ್ನೆ.

1940ರ ಫೆಬ್ರವರಿಯಲ್ಲಿ ಆ ಬರಹವನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಕಳಿಸಿದ. ಹೊಸದೇನಾದರೂ ಕಂಡುಹಿಡಿದವರು ಅದನ್ನು ಬಹಿರಂಗಪಡಿಸದೆ ಹೀಗೆ ಜಮಾ ಇಡುವ ಹಳೆಯ ಪದ್ಧತಿ ಅಲ್ಲಿತ್ತು. ಬರೆದವರೋ ಮನೆಯವರೋ ಹೇಳದೆ ನೂರು ವರ್ಷ ಲಕೋಟೆ ಒಡೆಯುವಂತಿಲ್ಲ.

ಜೂನ್ ಬಂತು. ಅವನ ತುಕಡಿಯನ್ನು ಜರ್ಮನ್ನರು ಸುತ್ತುವರಿದರು. ಸೆರೆ ಸಿಕ್ಕರೆ ಜರ್ಮನಿಯಿಂದ ಓಡಿಬಂದ ಯಹೂದಿ ಯುವಕನ ಗತಿ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವೋಜ್ ಬೆಟ್ಟಗಳ ಊಸ್ರಾ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಮನೆ ಹೊಕ್ಕು, ಬಳಿಯಿದ್ದ ಕಾಗದಗಳನ್ನೆಲ್ಲ ಒಲೆಗೆ ಹಾಕಿದ. ಆಮೇಲೆ ತನ್ನ ಪ್ರಾಣವನ್ನೂ ತಾನೇ ತೆಗೆದುಕೊಂಡ. ಹಳ್ಳಿಯವರು ಅವನನ್ನು ಹೆಸರಿಲ್ಲದ ಸಿಪಾಯಿಯೆಂದು ಹೂತರು. ಗುರುತು ಸಿಕ್ಕಿದ್ದು 1944ರಲ್ಲಿ.

ಲಕೋಟೆ ಮಾತ್ರ ಅಕಾಡೆಮಿಯ ಕಪಾಟಿನಲ್ಲಿ ಅರುವತ್ತು ವರ್ಷ ಮಲಗಿತ್ತು. ತಮ್ಮನ ಒಪ್ಪಿಗೆ ಪಡೆದು 2000ದಲ್ಲಿ ಒಡೆದು ನೋಡಿದರೆ ಒಳಗಿದ್ದದ್ದು, ಯುದ್ಧಕಾಲದಲ್ಲೇ ಜಪಾನಿನಲ್ಲಿ ಕುಳಿತು ಕಿಯೋಶಿ ಇಟೋ ಬೇರೆಯಾಗಿ ಕಟ್ಟಿದ ಗಣಿತದ ಹತ್ತಿರದ ಬಂಧು. ಇಟೋ ಹೆಸರಿನ ಆ ಗಣಿತ ಇಂದು ಷೇರುಪೇಟೆಯ ಆಪ್ಷನ್ ಬೆಲೆ ಕಟ್ಟುವವರೆಗೂ ಬಳಕೆಯಲ್ಲಿದೆ. ತಂದೆ ಆಲ್ಫ್ರೆಡ್ ಮತ್ತು ತಾಯಿ 1957ರಲ್ಲಿ ತೀರಿಕೊಂಡ ಮೇಲೆ ಅದೇ ಹಳ್ಳಿಯಲ್ಲಿ ಮಗನ ಪಕ್ಕದಲ್ಲಿ ಮಣ್ಣಾದರು. ಮಗ ಬರೆದಿಟ್ಟದ್ದೇನೆಂದು ಅವರಿಬ್ಬರೂ ಓದಲಿಲ್ಲ.

ವಾಲ್ಟರ್ ಬೆಂಜಮಿನ್ ಸಮಾಧಿ ಏಕೆ ಸಿಗಲಿಲ್ಲ?

ಹೆಸರನ್ನು ತಿರುವುಮುರುವಾಗಿ ಬರೆದದ್ದರಿಂದ. ಜರ್ಮನ್ ಯಹೂದಿ ಚಿಂತಕ ಬೆಂಜಮಿನ್ 1933ರಿಂದ ಪ್ಯಾರಿಸ್ಸಿನಲ್ಲಿದ್ದರು. ಅಮೆರಿಕಕ್ಕೆ ಹೋಗುವ ವೀಸಾ ಕೈಯಲ್ಲಿತ್ತು. ಫ್ರಾನ್ಸ್ ಬಿಡಲು ಬೇಕಾದ ಪರವಾನಗಿ ಇರಲಿಲ್ಲ. ಹೃದಯದ ಕಾಯಿಲೆಯ ಆ ಮನುಷ್ಯ ಕಪ್ಪು ಕೈಚೀಲವೊಂದನ್ನು ಹೊತ್ತು ಪಿರೆನೀಸ್ ಬೆಟ್ಟ ದಾಟಿ ಸ್ಪೇನಿನ ಗಡಿ ಊರು ಪೋರ್ಟ್‌ಬೋ ತಲುಪಿದರು. ಚೀಲದಲ್ಲಿರುವ ಹಸ್ತಪ್ರತಿ ತನಗಿಂತ ಮುಖ್ಯ ಎಂದು ದಾರಿ ತೋರಿಸಿದ ಲೀಸಾ ಫಿಟ್ಕೊಗೆ ಹೇಳಿದ್ದರು. ಪೊಲೀಸರು ನಾಳೆ ವಾಪಸ್ ಕಳಿಸುತ್ತೇವೆ ಅಂದರು. ಸೆಪ್ಟೆಂಬರ್ 26ರ ರಾತ್ರಿ ಹೋಟೆಲಿನ ಕೋಣೆಯಲ್ಲಿ ಅವರು ಜೀವ ಬಿಟ್ಟರು. ಜೊತೆಗಿದ್ದವರಿಗೆ ಪೊಲೀಸರು ಮುಂದೆ ಹೋಗಲು ಬಿಟ್ಟರು.

ಊರಿನ ದಾಖಲೆಯಲ್ಲಿ ಅವರು "ಬೆಂಜಮಿನ್ ವಾಲ್ಟರ್" ಆದರು. ವಾಲ್ಟರ್ ಮನೆತನದ ಕ್ರೈಸ್ತನೆಂದು ಬಗೆದು ಕ್ಯಾಥೊಲಿಕ್ ಗೋರಿಗೂಡಿನಲ್ಲಿ ಇಟ್ಟರು, ಐದು ವರ್ಷದ ಬಾಡಿಗೆಗೆ. ಬಾಡಿಗೆ ಮುಗಿದ ಮೇಲೆ ಮೂಳೆಗಳು ಸಾಮೂಹಿಕ ಗುಂಡಿ ಸೇರಿದವು. ಕೆಲವೇ ತಿಂಗಳಲ್ಲಿ ಅದೇ ದಾರಿಯಲ್ಲಿ ಬಂದ ಗೆಳತಿ ಹನ್ನಾ ಅರೆಂಟ್ ಹುಡುಕಿದರೂ ಹೆಸರು ಕಾಣಲಿಲ್ಲ. ಚೀಲದ ಹಸ್ತಪ್ರತಿ ಇವತ್ತಿಗೂ ಪತ್ತೆಯಿಲ್ಲ. 1994ರಲ್ಲಿ ದಾನಿ ಕರವಾನ್ ಎಂಬ ಶಿಲ್ಪಿ ಅಲ್ಲಿ ಸ್ಮಾರಕ ಕಟ್ಟಿದರು: ಬಂಡೆಯೊಳಗಿಂದ ಕಡಲಿನತ್ತ ಇಳಿಯುವ ಕಬ್ಬಿಣದ ಮೆಟ್ಟಿಲುಗಳು, ಕೊನೆಯಲ್ಲಿ ದಾರಿಗೆ ಅಡ್ಡವಾಗಿ ಒಂದು ಗಾಜು.

ಐಸಾಕ್ ಬಾಬೆಲ್ ಸತ್ತದ್ದು 1940ರಲ್ಲೋ 1941ರಲ್ಲೋ?

1940ರ ಜನವರಿ 27. ಹಳೆಯ ಪುಸ್ತಕಗಳಲ್ಲಿ 1941ರ ಮಾರ್ಚ್ 17 ಅಂತ ಕಂಡರೆ ಅದು ಸೋವಿಯತ್ ಸರ್ಕಾರ ಮನೆಯವರಿಗೆ ಕೊಟ್ಟ ಸುಳ್ಳು ತೇದಿ. ಕತೆಗಾರ ಬಾಬೆಲ್‌ರನ್ನು 1939ರ ಮೇ ತಿಂಗಳಲ್ಲಿ ಹಿಡಿದು, ಬೇಹುಗಾರಿಕೆಯ ಆರೋಪ ಹೊರಿಸಿ, ಕೆಲವೇ ನಿಮಿಷದ ವಿಚಾರಣೆ ನಡೆಸಿ ಮಾಸ್ಕೋದಲ್ಲಿ ಗುಂಡಿಟ್ಟರು. ಹೆಂಡತಿ ಮಾತ್ರ ಅವರು ಎಲ್ಲೋ ಶಿಬಿರದಲ್ಲಿ ಬದುಕಿದ್ದಾರೆ ಅಂತ ವರ್ಷಗಟ್ಟಲೆ ಕಾದರು. ಯುದ್ಧ ಇಂಥ ಸುಳ್ಳಿಗೆ ಒಳ್ಳೆಯ ಪರದೆಯಾಯಿತು, ಆ ಗದ್ದಲದಲ್ಲಿ ಒಬ್ಬ ಸತ್ತ ಅಂದರೆ ಯಾರು ಲೆಕ್ಕ ಕೇಳುತ್ತಾರೆ?

ರಂಗಭೂಮಿಯ ದಿಗ್ಗಜ ವ್ಸೆವೊಲೋದ್ ಮೆಯರ್‌ಹೋಲ್ಡ್ ಫೆಬ್ರವರಿ 2ರಂದು ಹಾಗೆಯೇ ಹೋದರು. ಎರಡು ದಿನ ಬಿಟ್ಟು, ಇಂಥ ಸಾವಿರಾರು ಕೊಲೆಗಳ ಯಂತ್ರವನ್ನು ನಡೆಸಿದ್ದ ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್‌ನಿಗೂ ಅದೇ ಗುಂಡು. ಮೂವರೂ ಒಂದೇ ಪಟ್ಟಿಯಲ್ಲಿ, ಅಕ್ಕಪಕ್ಕ.

ಅದೇ ಮಾಸ್ಕೋದಲ್ಲಿ ಕಾದಂಬರಿಕಾರ ಮಿಖಾಯಿಲ್ ಬುಲ್ಗಾಕೋವ್ ಮಾತ್ರ ಮಾರ್ಚ್ 10ರಂದು ತಮ್ಮ ಮನೆಯಲ್ಲೇ, ಮೂತ್ರಪಿಂಡದ ಕಾಯಿಲೆಯಿಂದ ಸತ್ತರು. ಕಣ್ಣು ಕಾಣದಾದ ಮೇಲೂ ಕಾದಂಬರಿಯ ತಿದ್ದುಪಡಿಗಳನ್ನು ಹೆಂಡತಿಗೆ ಹೇಳಿ ಬರೆಸುತ್ತಿದ್ದರು. ಅದು ಅಚ್ಚಾಗಲು ಇನ್ನೂ ಇಪ್ಪತ್ತಾರು ವರ್ಷ ಹಿಡಿಯಿತು.

ಕಾಟಿನ್‌ನಲ್ಲಿ ಸತ್ತವರ ಹೆಸರುಗಳು ಏಕೆ ಪಟ್ಟಿಗಳಲ್ಲಿ ಕಾಣುವುದಿಲ್ಲ?

ಸುಮಾರು 22,000 ಮಂದಿಯನ್ನು ಪಟ್ಟಿ ಮಾಡುವುದು ಹೇಗೆ? ಪೋಲೆಂಡಿನ ಸೇನಾಧಿಕಾರಿಗಳು, ಪೊಲೀಸರು, ಮೀಸಲು ಪಡೆಯಲ್ಲಿದ್ದ ವೈದ್ಯರು, ವಕೀಲರು, ಪ್ರಾಧ್ಯಾಪಕರು. ಸೆರೆಯಲ್ಲಿದ್ದ ಇವರನ್ನು ಕೊಲ್ಲಲು ಸೋವಿಯತ್ ನಾಯಕರು 1940ರ ಮಾರ್ಚ್ 5ರಂದು ಸಹಿ ಹಾಕಿದರು, ವಸಂತ ಮುಗಿಯುವುದರೊಳಗೆ ಕೆಲಸ ಮುಗಿದಿತ್ತು. ಮನೆಗಳಿಗೆ ಬರುತ್ತಿದ್ದ ಕಾಗದಗಳು ನಿಂತವು, ಅಷ್ಟೇ. 1943ರ ಏಪ್ರಿಲ್‌ನಲ್ಲಿ ಜರ್ಮನ್ನರು ಕಾಟಿನ್ ಕಾಡಿನ ಗುಂಡಿಗಳನ್ನು ಲೋಕಕ್ಕೆ ತೋರಿಸಿದಾಗ ಸೋವಿಯತ್ ಒಕ್ಕೂಟ ತಪ್ಪನ್ನು ಜರ್ಮನ್ನರ ತಲೆಗೇ ಕಟ್ಟಿತು. ಒಪ್ಪಿಕೊಂಡದ್ದು 1990ರಲ್ಲಿ. ಐವತ್ತು ವರ್ಷ ಪೋಲೆಂಡಿನಲ್ಲಿ ತಿಥಿ ಮಾಡಲು ದಿನವೇ ಗೊತ್ತಿರದ ಮನೆಗಳಿದ್ದವು.

ಸ್ಟಾಲಿನ್ ಎದುರಾಳಿ ಟ್ರಾಟ್ಸ್ಕಿಯನ್ನು ಕೊಂದದ್ದು ಮಂಜುಗಡ್ಡೆ ಚುಚ್ಚುವ ಸೂಜಿಯಿಂದಲೇ?

ಅಲ್ಲ. ಹಿಮಬೆಟ್ಟ ಹತ್ತುವವರು ಬಳಸುವ ಕೊಡಲಿಯಂಥ ಸಾಧನ ಅದು. ಕೋಟಿನೊಳಗೆ ಅಡಗಲೆಂದು ಹಿಡಿ ಕತ್ತರಿಸಿದ್ದರು. ಕೊಂದವನು ರಮೋನ್ ಮೆರ್ಕಾದೆರ್, ಸ್ಟಾಲಿನ್ ಕಡೆಯ ಸ್ಪ್ಯಾನಿಷ್ ಮನುಷ್ಯ, ಸುಳ್ಳು ಹೆಸರಿನಲ್ಲಿ ಮನೆಗೆ ಓಡಾಡಿಕೊಂಡಿದ್ದವನು. ಏಟು ಬಿದ್ದದ್ದು ಆಗಸ್ಟ್ 20ರಂದು, ಮೆಕ್ಸಿಕೊ ನಗರದ ಕೊಯೊಆಕಾನ್‌ನಲ್ಲಿ. ಸಾವು ಮರುದಿನ. ಹಾಗಾಗಿ ಎರಡು ತೇದಿ ಕಂಡರೆ ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೆರ್ಕಾದೆರ್ ಇಪ್ಪತ್ತು ವರ್ಷ ಜೈಲಿನಲ್ಲಿದ್ದು ಹೊರಬಂದಾಗ ಮಾಸ್ಕೋ ಅವನಿಗೆ ಪದಕ ಕೊಟ್ಟಿತು.

ತನ್ನದೇ ಕಡೆಯವರ ಗುಂಡಿಗೆ ಬಲಿಯಾದ ಆ ಸೇನಾನಿ?

ಇಟಲಿಯ ವಾಯುಸೇನಾನಿ ಇಟಾಲೊ ಬಾಲ್ಬೊ. 1933ರಲ್ಲಿ ಕಡಲ ವಿಮಾನಗಳ ದೊಡ್ಡ ದಂಡನ್ನೇ ಅಟ್ಲಾಂಟಿಕ್ ದಾಟಿಸಿ ಷಿಕಾಗೋಕ್ಕೆ ಒಯ್ದು ಹೆಸರು ಮಾಡಿದ್ದವನು, ಆಮೇಲೆ ಲಿಬಿಯಾದ ಗವರ್ನರ್. ಇಟಲಿ ಯುದ್ಧಕ್ಕೆ ಇಳಿದು ಮೂರು ವಾರವೂ ಆಗಿರಲಿಲ್ಲ. ಜೂನ್ 28ರಂದು ಬ್ರಿಟಿಷ್ ದಾಳಿ ಮುಗಿದ ಬೆನ್ನಿಗೇ ಅವನ ವಿಮಾನ ಟೊಬ್ರುಕ್‌ನಲ್ಲಿ ಇಳಿಯಲು ಬಂತು. ಗಾಬರಿಯಲ್ಲಿದ್ದ ಇಟಲಿಯ ಗೋಲಂದಾಜರು ಅದನ್ನೂ ಶತ್ರುವಿನದೆಂದು ಹೊಡೆದರು. ಮುಸೊಲಿನಿಯೇ ಮಾಡಿಸಿದ್ದು ಎಂಬ ಗುಸುಗುಸು ಇಂದಿಗೂ ಇದೆ, ನಾನು ಗಾಬರಿಯ ಪರ.

ಚೇಂಬರ್ಲೇನ್ ಅಂತ್ಯಕ್ರಿಯೆಯನ್ನು ಗುಟ್ಟಾಗಿ ಏಕೆ ಮಾಡಿದರು?

ಅವಮಾನ ಮಾಡಲು ಅಂತ ಕೆಲವರು ಊಹಿಸುತ್ತಾರೆ. ಕಾರಣ ಬಾಂಬು. ಮೇ 10ರಂದು ಪ್ರಧಾನಿ ಸ್ಥಾನ ಬಿಟ್ಟ ನೆವಿಲ್ ಚೇಂಬರ್ಲೇನ್ ಕರುಳಿನ ಕ್ಯಾನ್ಸರ್‌ನಿಂದ ನವೆಂಬರ್ 9ರಂದು ತೀರಿಕೊಂಡರು. ಲಂಡನ್ ಮೇಲೆ ಸೆಪ್ಟೆಂಬರ್ 7ರಿಂದ ವೈಮಾನಿಕ ದಾಳಿ ನಡೆಯುತ್ತಿತ್ತು. ಇಡೀ ಸಚಿವ ಸಂಪುಟ ಒಂದೇ ಸೂರಿನಡಿ ಸೇರುವ ಹೊತ್ತು ಜರ್ಮನಿಗೆ ತಿಳಿದರೆ ಏನಾದೀತು? ಅದಕ್ಕೇ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ನವೆಂಬರ್ 14ರ ಕಾರ್ಯಕ್ರಮವನ್ನು ಮುಗಿಯುವವರೆಗೂ ಬಾಯಿಬಿಡಲಿಲ್ಲ. ಅದೇ ರಾತ್ರಿ ಕವೆಂಟ್ರಿ ನಗರ ಸುಟ್ಟುಹೋಯಿತು.

ಬದುಕಿರುವಾಗಲೇ ತನ್ನ ಮರಣವಾರ್ತೆ ಓದಿದವರು ಯಾರು?

ಮಾರ್ಕಸ್ ಗಾರ್ವಿ. ಜಮೈಕಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕರಿಯರ ದೊಡ್ಡ ಚಳವಳಿ ಕಟ್ಟಿ, ಅಲ್ಲಿಂದ ಗಡೀಪಾರಾಗಿ ಲಂಡನ್ನಿನಲ್ಲಿದ್ದರು. ಜನವರಿಯಲ್ಲಿ ಪಾರ್ಶ್ವವಾಯು ಬಡಿದಿತ್ತು. ಮೇ ತಿಂಗಳಲ್ಲಿ ಅವರು ಸತ್ತರೆಂಬ ಸುಳ್ಳು ಸುದ್ದಿ ಹರಡಿ ಪತ್ರಿಕೆಗಳು ಚರಮಲೇಖನ ಛಾಪಿಸಿದವು, ಅವುಗಳಲ್ಲಿ ಮೆಚ್ಚುಗೆಗಿಂತ ಚುಚ್ಚುಮಾತೇ ಹೆಚ್ಚಿತ್ತು. ಅವನ್ನು ಓದಿದ ಕೆಲವೇ ವಾರಕ್ಕೆ, ಜೂನ್ 10ರಂದು, ಅವರು ನಿಜಕ್ಕೂ ಹೋದರು. ಯುದ್ಧದಿಂದಾಗಿ ದೇಹವನ್ನು ಊರಿಗೆ ಸಾಗಿಸಲಾಗಲಿಲ್ಲ. 1964ರಲ್ಲಿ ಸ್ವತಂತ್ರ ಜಮೈಕಾ ಅವರನ್ನು ಮನೆಗೆ ಕರೆತಂದು ರಾಷ್ಟ್ರವೀರನೆಂದು ಸಾರಿತು.

ವಿಜ್ಞಾನಿಗಳಲ್ಲಿ ಯಾರು?

ಎಲೆಕ್ಟ್ರಾನನ್ನು ಕಂಡ ಜೆ.ಜೆ. ಥಾಮ್ಸನ್ ಆಗಸ್ಟ್ 30ರಂದು, 83ರ ವಯಸ್ಸಿನಲ್ಲಿ. ರೇಡಿಯೋ ಅಲೆಗಳ ಆಲಿವರ್ ಲಾಡ್ಜ್ ಎಂಟು ದಿನ ಮೊದಲು. ಗಾಳಿಯ ಸಾರಜನಕದಿಂದ ಕಾರ್ಖಾನೆಯ ಮಟ್ಟದಲ್ಲಿ ಅಮೋನಿಯ ತೆಗೆದ ಕಾರ್ಲ್ ಬಾಷ್ ಏಪ್ರಿಲ್ 26ರಂದು. ಹೊಲಕ್ಕೆ ಗೊಬ್ಬರವನ್ನೂ ಬಾಂಬಿಗೆ ಮದ್ದನ್ನೂ ಕೊಟ್ಟದ್ದು ಅದೇ ಅಮೋನಿಯ. ಗಣಿತಜ್ಞ ವಿಟೊ ವೊಲ್ಟೆರಾ ಅಕ್ಟೋಬರ್ 11ರಂದು ರೋಮಿನಲ್ಲಿ. ಫ್ಯಾಸಿಸ್ಟ್ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಎಂದು 1931ರಲ್ಲಿ ಕೇಳಿದಾಗ ಇಟಲಿಯ ಸುಮಾರು 1,200 ಪ್ರಾಧ್ಯಾಪಕರಲ್ಲಿ ಒಲ್ಲೆನೆಂದವರು ಹನ್ನೆರಡೇ ಮಂದಿ, ಅವರಲ್ಲಿ ಇವರೊಬ್ಬರು. ಕೆಲಸ ಹೋಯಿತು.

ಪಾಲ್ ಕ್ಲೀ ಸ್ವಿಸ್ ಕಲಾವಿದನೋ ಜರ್ಮನ್ ಕಲಾವಿದನೋ?

ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಸತ್ತದ್ದೂ (ಜೂನ್ 29) ಅಲ್ಲೇ. ತಂದೆ ಜರ್ಮನ್ ಆದ್ದರಿಂದ ಕಾಗದದ ಮೇಲೆ ಜರ್ಮನ್. ಪೌರತ್ವದ ಅರ್ಜಿ ಇತ್ಯರ್ಥವಾಗುವ ಮೊದಲೇ ತೀರಿಕೊಂಡರು.

ಸೆಲ್ಮಾ ಲಾಗರ್‌ಲೋಫ್ ನೊಬೆಲ್ ಪದಕವನ್ನು ಮಾರಿಬಿಟ್ಟರೇ?

ಕೊಟ್ಟರು, ಮಾರಾಟವಾಗಲಿಲ್ಲ. ಸಾಹಿತ್ಯದ ನೊಬೆಲ್ ಪಡೆದ ಮೊದಲ ಹೆಂಗಸು (1909) ಈ ಸ್ವೀಡಿಷ್ ಲೇಖಕಿ. ಸೋವಿಯತ್ ಸೈನ್ಯ ಫಿನ್ಲೆಂಡಿನ ಮೇಲೆ ಬಿದ್ದಾಗ ಫಿನ್ನರ ನೆರವಿಗೆಂದು ತಮ್ಮ ಬಂಗಾರದ ಪದಕ ಕಳಿಸಿಕೊಟ್ಟರು. ಫಿನ್ನರು ಹಣವನ್ನು ಬೇರೆ ಕಡೆ ಹೊಂದಿಸಿಕೊಂಡು ಪದಕ ಹಿಂದಿರುಗಿಸಿದರು. ಆ ಯುದ್ಧ ನಿಂತ ಮೂರು ದಿನಕ್ಕೆ, ಮಾರ್ಚ್ 16ರಂದು, ಅವರು ತೀರಿಕೊಂಡರು.

ಅವರ ಇನ್ನೊಂದು ಕೆಲಸ ಅರ್ಧಕ್ಕೇ ನಿಂತಂತೆ ಕಂಡಿತ್ತು. ಬರ್ಲಿನ್ನಿನ ಯಹೂದಿ ಕವಯಿತ್ರಿ ನೆಲ್ಲಿ ಸಾಕ್ಸ್ ಹುಡುಗಿಯಾಗಿದ್ದಾಗಿನಿಂದ ಲಾಗರ್‌ಲೋಫ್‌ಗೆ ಕಾಗದ ಬರೆಯುತ್ತಿದ್ದವರು. ಅವರಿಗೆ ಸ್ವೀಡನ್ನಿಗೆ ಬರಲು ಪರವಾನಗಿ ಕೊಡಿಸಲು ಮುದುಕಿ ಓಡಾಡಿದ್ದರು. ಪರವಾನಗಿ ಕೈಗೆ ಬಂದು ಸಾಕ್ಸ್ ತಾಯಿಯ ಜೊತೆ ಸ್ಟಾಕ್‌ಹೋಮ್‌ನಲ್ಲಿ ವಿಮಾನ ಇಳಿದದ್ದು ಮೇ ತಿಂಗಳಲ್ಲಿ. ಕರೆಸಿಕೊಂಡವರು ಆಗಲೇ ಮಣ್ಣಾಗಿ ಎರಡು ತಿಂಗಳು. 1966ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು ಇದೇ ಸಾಕ್ಸ್.

ಬಾಂಬಿಗೆ ಸತ್ತ ಸಾಮಾನ್ಯರು ಈ ಪಟ್ಟಿಯಲ್ಲಿ ಏಕಿಲ್ಲ?

"ಗಣ್ಯರು" ಎಂಬ ಮಾತಿನ ತೊಡಕೇ ಅದು. ಲಂಡನ್ನಿನ ಬಾಂಬುಗಳಿಂದ ಪಾರು ಮಾಡಲೆಂದು ಕೆನಡಾಕ್ಕೆ ಕಳಿಸುತ್ತಿದ್ದ ಮಕ್ಕಳನ್ನು ಹೊತ್ತ "ಸಿಟಿ ಆಫ್ ಬೆನಾರಸ್" ಹಡಗು ಸೆಪ್ಟೆಂಬರ್ 17ರ ರಾತ್ರಿ ಟಾರ್ಪಿಡೊ ಏಟಿಗೆ ಮುಳುಗಿತು. ಆ ಯೋಜನೆಯ 90 ಮಕ್ಕಳಲ್ಲಿ 77 ಮಂದಿ ಸತ್ತರು. ಹಡಗಿನ ಹೆಸರು ನಮ್ಮ ಕಾಶಿಯದು, ಸತ್ತ ನಾವಿಕರಲ್ಲಿ ಅನೇಕರು ಭಾರತದವರು. ಡೋಬ್ಲಿನ್‌ನ ಲಕೋಟೆ ಸಿಗದೇ ಹೋಗಿದ್ದರೆ ಅವನೂ ಇಂಥವರ ಸಾಲಿನಲ್ಲೇ ಉಳಿಯುತ್ತಿದ್ದ.

ಟ್ಯಾಗೋರ್ ಏಕೆ ಪಟ್ಟಿಯಲ್ಲಿಲ್ಲ? ಅವರೂ ಯುದ್ಧಕಾಲದಲ್ಲೇ ಹೋದವರಲ್ಲವೇ?

ಹೌದು, ಆದರೆ 1941ರಲ್ಲಿ. ಜೇಮ್ಸ್ ಜಾಯ್ಸ್, ವರ್ಜೀನಿಯಾ ವುಲ್ಫ್, ಇನ್ಸುಲಿನ್ ಕಂಡ ಬ್ಯಾಂಟಿಂಗ್ ಇವರೂ ಆ ವರ್ಷದವರೇ. 1940ರಲ್ಲಿ ಟ್ಯಾಗೋರ್ ಗೆಳೆಯ ಆಂಡ್ರೂಸ್ ಸಾವಿಗೆ ದುಃಖಿಸುತ್ತ ಶಾಂತಿನಿಕೇತನದಲ್ಲಿದ್ದರು. ಆಗಸ್ಟ್ 7ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಲ್ಲಿಗೇ ಬಂದು ಅವರಿಗೆ ಡಾಕ್ಟರೇಟ್ ಕೊಟ್ಟಿತು. ಕೊಟ್ಟವರಲ್ಲಿ, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಒಬ್ಬರು. ಆಗ ಮೈಸೂರಿನಲ್ಲಿ ನಾಲ್ವಡಿಯವರು ಹೋಗಿ ನಾಲ್ಕು ದಿನ. ಟ್ಯಾಗೋರ್ ತೀರಿಕೊಂಡದ್ದು ಮುಂದಿನ ವರ್ಷ ಅದೇ ತೇದಿಗೆ, ಆಗಸ್ಟ್ 7ಕ್ಕೆ.